ಪ್ಲಗ್-ಇನ್ ಹೈಬ್ರಿಡ್‌ಗೆ ಕಾಯೋದಾ, ಸ್ಟ್ರಾಂಗ್ ಹೈಬ್ರಿಡ್ ಈಗಲೇ ತಗೊಳ್ಳೋದಾ: ಪುಣೆಯಿಂದ ಹೊಗೆಯ ಲೆಕ್ಕ

ವಾರ್ಜೆ ಧಾರವಾಡ:

ನಮಸ್ಕಾರ್ರೀ ಎಲ್ಲಾರಿಗೂ. ನಾವು ಧಾರವಾಡದವ್ರು, ಪುಣೆಗೆ ಬಂದು 14 ವರ್ಷ ಆತು, ಮನಿ ವಾರ್ಜೆದಾಗ ಐತಿ. ನಮ್ಮ ಡೀಸೆಲ್ ಗಾಡಿಗೆ ಈಗ 11 ವರ್ಷ. ಇಂಜಿನ್ ಗಟ್ಟಿ ಐತಿ, ಆದ್ರ ಮುಂಜಾನೆ ಪಾರ್ಕಿಂಗ್‌ನ್ಯಾಗ ಚಾಲೂ ಮಾಡಿದಾಗ ಬರೋ ಹೊಗಿ ನೋಡಿದ್ರ ಮನಸ್ಸಿಗೆ ಸಂಕಟ ಆಗ್ತೈತಿ. ಮಗಳಿಗೆ 9 ವರ್ಷ, ದಮ್ಮಿನ ತ್ರಾಸ ಐತಿ. ಚಾಂದಣಿ ಚೌಕ ದಾಟೂತನಾ ಗಾಡಿ ಗಾಜು ಏರಿಸಿಕೊಂಡು, ಮೂಗಿಗೆ ಓಢಣಿ ಹಿಡಕೊಂಡು ಕೂಡ್ತಾಳ.

ದಿನಾ ಕೆಲಸಕ್ಕ ಹಿಂಜವಡಿಗೆ ಹೋಗಿ ಬಂದ್ರ 40 ಕಿಮೀ ಆಗ್ತೈತಿ. ವರ್ಷಕ್ಕ ಐದಾರು ಸಲ ಧಾರವಾಡಕ್ಕ. ನಮ್ಮ ಮನಿಯವ್ರ ತಮ್ಮ ಜರ್ಮನಿಯೊಳಗ ಇರ್ತಾನ, ಅವನ ಕಡೆ ಪ್ಲಗ್-ಇನ್ ಹೈಬ್ರಿಡ್ ಐತಿ, ಅಂದ್ರ ಪೆಟ್ರೋಲ್ ಇಂಜಿನ್ ಜೋಡಿ ಸಾಕೆಟ್‌ಗೆ ಹಚ್ಚಿ ಚಾರ್ಜ್ ಮಾಡೋ ಬ್ಯಾಟರಿ ಇರೋ ಗಾಡಿ. 'ಎರಡು ವರ್ಷ ತಡೀರಿ ಮಾಮಾ, ಅಲ್ಲೂ ಬರ್ತಾವ. ಈಗಿನ ಹೈಬ್ರಿಡ್ ಅಂದ್ರ ಬರೇ ಪೆಟ್ರೋಲ್ ಗಾಡಿ, ಪರಿಸರಕ್ಕ ಪ್ಲಗ್-ಇನ್ನೇ ಛಲೋ' ಅಂತಾನ. ನಂಗ ಖರೇ ತಿಳೀಬೇಕಾಗೇತಿ. ರೊಕ್ಕದ ಲೆಕ್ಕ ಬ್ಯಾಡ್ರಿ, ಅದನ್ನ ನಾ ಮಾಡ್ಕೋತೇನಿ. ಹೊಗಿ ಲೆಕ್ಕ ಹೇಳ್ರಿ.

ಮುಲುಂಡ್ ಕರಾವಳಿ:

ನೀವು ಕಾಯುವುದು ಯಾವುದಕ್ಕೆ ಮಾರಾಯ್ರೆ? ನಮ್ಮ ದೇಶಕ್ಕೆ ಬಂದ ಪ್ಲಗ್-ಇನ್‌ಗಳು ಹೆಚ್ಚಾಗಿ ಕೋಟಿ ರೂಪಾಯಿಯ ಆಸುಪಾಸಿನವು, ಅದರ ಮೇಲಿನವು. ಬಿಎಂಡಬ್ಲ್ಯೂ ಐ8 ಬಂದದ್ದು 2015ರಲ್ಲಿ, ಎಕ್ಸ್‌ಎಂ 2022ರ ಕೊನೆಗೆ. ಮನೆಮಂದಿ ಓಡಿಸುವ ಗಾಡಿಯಲ್ಲಿ ಈಗ ಸಿಗುವುದು ಗ್ರ್ಯಾಂಡ್ ವಿಟಾರಾ, ಹೈರೈಡರ್, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಇಂಥ ಸ್ಟ್ರಾಂಗ್ ಹೈಬ್ರಿಡ್‌ಗಳು, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಮೋಟರ್ ಇರುವ, ಹೊರಗಿನಿಂದ ಚಾರ್ಜ್ ಮಾಡದ ಗಾಡಿಗಳು. ಇನ್ನೆರಡು ವರ್ಷ ಆ ಡೀಸೆಲ್ ಓಡಿಸಿದರೆ ಆ ಹೊಗೆಯೂ ಲೆಕ್ಕಕ್ಕೆ ಬರಬೇಕಲ್ಲ?

ವಾಸ್ಕೋ ಗ್ಯಾರೇಜ್:

ಒಂದು ಮಾತು ಮೊದಲೇ ಹೇಳ್ತೀನಿ, ಯಾಕಂದ್ರೆ ನನ್ನ ಗ್ಯಾರೇಜಿಗೆ ಬರೋ ಹತ್ತು ಜನರಲ್ಲಿ ಆರು ಜನ ಇದರಲ್ಲೇ ಮೋಸ ಹೋಗ್ತಾರೆ. ಹಿಂದುಗಡೆ ಹೈಬ್ರಿಡ್ ಅಂತ ಬರೆದ ಎಲ್ಲ ಗಾಡಿಯೂ ಹೈಬ್ರಿಡ್ ಅಲ್ಲ. ಮೈಲ್ಡ್ ಅಥವಾ ಸ್ಮಾರ್ಟ್ ಹೈಬ್ರಿಡ್ ಅನ್ನೋದರಲ್ಲಿ ಇರೋದು ದೊಡ್ಡ ಸ್ಟಾರ್ಟರ್, ಚಿಕ್ಕ ಬ್ಯಾಟರಿ ಅಷ್ಟೇ. ಸಿಗ್ನಲ್‌ನಲ್ಲಿ ಇಂಜಿನ್ ಆರಿಸುತ್ತೆ, ಹೊರಡುವಾಗ ಸ್ವಲ್ಪ ತಳ್ಳುತ್ತೆ. ಬರೀ ಕರೆಂಟ್ ಮೇಲೆ ಚಕ್ರ ತಿರುಗಿಸೋ ಶಕ್ತಿ ಅದಕ್ಕಿಲ್ಲ. ಇಂಥ ಡೀಸೆಲ್ ಗಾಡಿಗಳಿಗೂ ವಿದ್ಯುತ್ ಗಾಡಿಗಳನ್ನ ಪ್ರೋತ್ಸಾಹಿಸೋ ಕೇಂದ್ರದ ಫೇಮ್ ಯೋಜನೆಯ ಸಬ್ಸಿಡಿ ಸಿಗ್ತಾ ಇತ್ತು, 2017ರ ಏಪ್ರಿಲ್‌ನಿಂದ ನಿಲ್ಲಿಸಿದರು. ನೀವು ಕೇಳ್ತಿರೋದು ಸ್ಟ್ರಾಂಗ್ ಹೈಬ್ರಿಡ್. ಅದರಲ್ಲಿ ಇಂಜಿನ್ ಆರಿದ್ದಾಗ ಮೋಟರ್ ಒಂದೇ ಗಾಡಿ ಎಳೆಯುತ್ತೆ. ಶೋರೂಮ್‌ನವರು ಏನಂದ್ರೂ ಇದನ್ನ ಕೇಳಿ ಖಾತ್ರಿ ಮಾಡ್ಕೊಳ್ಳಿ.

ಚಾಕಣ್ ಟೆಸ್ಟ್‌ಬೆಂಚ್:

ನಾನು ದಾವಣಗೆರೆಯವಳು. ಚಾಕಣ್‌ನಲ್ಲಿ ಇಂಜಿನ್ ಪರೀಕ್ಷೆ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ. ವಾರ್ಜೆಯ ಅಣ್ಣಾ, ನಿಮ್ಮ ಪ್ರಶ್ನೆ ನನಗೆ ತುಂಬ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈ ಆಕ್ಸೈಡ್ ಬರುತ್ತೆ. ಎಣ್ಣೆ ತೆಗೆಯೋದು, ಶುದ್ಧೀಕರಿಸೋದು, ಟ್ಯಾಂಕರ್‌ನಲ್ಲಿ ತರೋದು ಇದಕ್ಕೆಲ್ಲ ಇನ್ನೊಂದು ಐದನೇ ಒಂದು ಭಾಗ ಸೇರಿಸಿ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ನಂಥ ಮಧ್ಯಮ ಗಾತ್ರದ ಸ್ಟ್ರಾಂಗ್ ಹೈಬ್ರಿಡ್‌ಗೆ ಪರೀಕ್ಷೆಯಲ್ಲಿ ಕೊಟ್ಟ ಅಂಕಿ ಲೀಟರಿಗೆ 27.97 ಕಿಮೀ. ಅದು ಪ್ರಯೋಗಾಲಯದ ಅಂಕಿ. ಪುಣೆ ಟ್ರಾಫಿಕ್‌ನಲ್ಲಿ ಎಸಿ ಹಾಕಿ ಓಡಿಸಿದರೆ 21 ಅಂತ ಹಿಡಿಯೋಣ. ಅಲ್ಲಿಗೆ ಹೊಗೆಕೊಳವೆಯಿಂದ ಕಿಮೀಗೆ 110 ಗ್ರಾಂ, ಹಿಂದಿನದ್ದೂ ಸೇರಿದರೆ 132. ಅದೇ ಗಾತ್ರದ ಸಾಮಾನ್ಯ ಪೆಟ್ರೋಲ್ ಆಟೋಮ್ಯಾಟಿಕ್ ಸಿಟಿಯಲ್ಲಿ 11 ಕೊಟ್ಟರೆ, ಎಲ್ಲ ಸೇರಿ 250 ಗ್ರಾಂ. ಅಂದ್ರೆ ಹೈಬ್ರಿಡ್ 'ಬರೇ ಪೆಟ್ರೋಲ್ ಗಾಡಿ' ಅನ್ನೋ ಮಾತು ಒಪ್ಪೋಕಾಗಲ್ಲ. ಕುಡಿಯೋದು ಪೆಟ್ರೋಲೇ, ಆದರೆ ಅರ್ಧ. ಹಿಂಜವಡಿ ದಾರಿಯ ಭೂಮ್ಕರ್ ಚೌಕದಲ್ಲಿ ನಿಂತು ನಿಂತು ಸರಿಯುವಾಗ ಇಂಜಿನ್ ಆರಿರುತ್ತೆ. ಬ್ರೇಕ್ ಒತ್ತಿದಾಗ ಶಾಖವಾಗಿ ಹೋಗಬೇಕಿದ್ದ ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತೆ. ಇಂಜಿನ್ ಉರಿಯುವಾಗಲೂ ಅದಕ್ಕೆ ಹಿತವಾದ ವೇಗದಲ್ಲೇ ಉರಿಯುತ್ತೆ.

ಈಗ ಪ್ಲಗ್-ಇನ್. ಇದಕ್ಕೆ 12ರಿಂದ 20 ಯೂನಿಟ್ ಕರೆಂಟ್ ಹಿಡಿಯೋ ಬ್ಯಾಟರಿ, ಜೊತೆಗೆ ಪೂರ್ತಿ ಇಂಜಿನ್. ಎರಡೂ ಹೊರಬೇಕಾದ್ದರಿಂದ ತೂಕ 200-300 ಕೆಜಿ ಜಾಸ್ತಿ. ಗೋಡೆಯ ಸಾಕೆಟ್‌ನಿಂದ ಲೆಕ್ಕ ಹಾಕಿದರೆ ಒಂದು ಕಿಮೀಗೆ ಸುಮಾರು 0.2 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ನಮ್ಮ ದೇಶದ ಸರಾಸರಿ ಯೂನಿಟ್‌ಗೆ 0.7 ಕೆಜಿಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈ ಆಕ್ಸೈಡ್. ಹಾಗಾಗಿ 144 ಗ್ರಾಂ. ತಂತಿಯಲ್ಲಿ ಸೋರಿಹೋಗೋದನ್ನ ಸೇರಿಸಿದರೆ 170ರ ಹತ್ತಿರ. ಬ್ಯಾಟರಿ ಖಾಲಿಯಾಗಿ ಪೆಟ್ರೋಲ್‌ನಲ್ಲಿ ಓಡಿದರೂ, ತೂಕದ ಗಾಡಿ 16 ಕೊಡುತ್ತೆ ಅಂತಿಟ್ಟುಕೊಂಡರೆ, ಅದೂ 173.

ನಿಮ್ಮ ಭಾವಮೈದ ಹೇಳಿದ್ದು ಜರ್ಮನಿಯ ಕರೆಂಟ್‌ಗೆ ಸರಿ ಇರಬಹುದು, ಅಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಬಿಸಿಲಿನಂಥ ಮೂಲಗಳಿಂದ ಬರುತ್ತೆ. ನಮ್ಮಲ್ಲಿ ಉತ್ಪಾದನೆಯ ಮುಕ್ಕಾಲು ಪಾಲಿನಷ್ಟು ಇನ್ನೂ ಕಲ್ಲಿದ್ದಲೇ.

ವಾರ್ಜೆ ಧಾರವಾಡ:

ಅಕ್ಕಾರೆ, ಇದನ್ನ ಎರಡು ಸಲ ಓದಿದೆ. ಅಂದ್ರ ನಾ ದಿನಾ ರಾತ್ರಿ ಚಾರ್ಜ್ ಹಾಕಿ, ಒಂದು ಹನಿ ಪೆಟ್ರೋಲ್ ಸುಡದ ಹಿಂಜವಡಿಗೆ ಹೋಗಿ ಬಂದ್ರೂ ಹೈಬ್ರಿಡ್‌ಗಿಂತ ಹೊಗಿ ಜಾಸ್ತಿ ಅಂತೀರೇನು? ಇಷ್ಟು ದಿನ ನಾ ತಿಳಕೊಂಡಿದ್ದು ಪೂರಾ ಉಲ್ಟಾ ಇತ್ತು.

ಪಿಂಪ್ರಿ ಹತ್ತಿಬೀಜ:

ಹೊಗೆ ಎಲ್ಲಿ ಬರುತ್ತೆ ಅನ್ನೋದನ್ನೂ ಕೇಳಬೇಕು. ನಾನು ಹುಟ್ಟಿದ್ದು ಒಂದು ಕಲ್ಲಿದ್ದಲು ಸ್ಥಾವರದ ಮಗ್ಗುಲಿನ ಹಳ್ಳಿಯಲ್ಲಿ. ಅಮ್ಮ ಒಗೆದ ಬಟ್ಟೆ ಒಣಹಾಕಿದರೆ ಸಂಜೆಗೆ ಬೂದಿಬಣ್ಣ. ರಾತ್ರಿ ಅಟ್ಟದ ಮೇಲೆ ಮಲಗಿದರೆ ಬೆಳಗ್ಗೆ ಹೊದಿಕೆ ಝಾಡಿಸಬೇಕು. ಹತ್ತಿ ಬೆಳೆ ಬಿಳಿಯಾಗಿ ಒಡೆದದ್ದು ನಾನು ನೋಡಿದ್ದು ಬೇರೆ ಊರಿಗೆ ಬಂದ ಮೇಲೆ. ಪುಣೆಯಲ್ಲಿ ಪ್ಲಗ್-ಇನ್ ಹೊಗೆ ಬಿಡದೆ ಓಡುತ್ತೆ, ನಿಜ. ಆ ಹೊಗೆ ಕಲ್ಲಿದ್ದಲು ಸ್ಥಾವರ ಇರೋ ಚಂದ್ರಾಪುರದಲ್ಲೋ ಪರಳಿಯಲ್ಲೋ ಬೇರೆ ಯಾರದೋ ಮಗುವಿನ ಮೂಗಿಗೆ ಹೋಗುತ್ತೆ. ಚಂದ್ರಾಪುರದ್ದು 2,920 ಮೆಗಾವ್ಯಾಟ್ ಸ್ಥಾವರ. ನಿಮ್ಮ ಮಗಳ ದಮ್ಮಿನ ಬಗ್ಗೆ ಓದಿದಾಗ ನನಗೆ ನನ್ನ ತಂಗಿ ನೆನಪಾದಳು, ಅದಕ್ಕೆ ಬರೆದೆ. ತಪ್ಪು ತಿಳ್ಕೋಬೇಡಿ.

ಔಂಧ್ ಬಿಸಿಲು:

ಟೆಸ್ಟ್‌ಬೆಂಚ್ ಮೇಡಂ ಲೆಕ್ಕ ಸರಿ, ಆದರೆ ಅದು ಇವತ್ತಿನ ಲೆಕ್ಕ. ಗಾಡಿ 15 ವರ್ಷ ಓಡುತ್ತೆ. 2025ರಲ್ಲೇ ನಮ್ಮ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಕಲ್ಲಿದ್ದಲು, ಅನಿಲ ಬಿಟ್ಟ ಮೂಲಗಳದ್ದಾಯ್ತು, 2030ಕ್ಕೆ ಅಂದುಕೊಂಡಿದ್ದ ಗುರಿ. ಉತ್ಪಾದನೆಯಲ್ಲಿ ಆ ಪಾಲು ಇನ್ನೂ ಕಡಿಮೆ, ಆದರೆ ಏರುತ್ತೆ. ವರ್ಷ ಕಳೆದಂತೆ ಕರೆಂಟ್ ಶುದ್ಧವಾಗ್ತಾ ಹೋಗುತ್ತೆ. ಪೆಟ್ರೋಲ್ ಗಾಡಿಗೆ ವಯಸ್ಸಾದಂತೆ ಹೊಗೆ ಕಡಿಮೆಯಾಗಲ್ಲ. ಇವತ್ತು ಕೊಂಡ ಹೈಬ್ರಿಡ್ 2040ರಲ್ಲೂ ಪೆಟ್ರೋಲೇ ಕೇಳುತ್ತೆ.

ಇನ್ನು ಸೋಲಾರ್. ಪುಣೆಯಲ್ಲಿ 1 ಕಿಲೋವ್ಯಾಟ್ ಫಲಕ ವರ್ಷಕ್ಕೆ 1,400 ಯೂನಿಟ್ ಹತ್ತಿರ ಕೊಡುತ್ತೆ. ನಿಮ್ಮ 40 ಕಿಮೀಗೆ ದಿನಕ್ಕೆ 8 ಯೂನಿಟ್, ವರ್ಷದ 250 ಕೆಲಸದ ದಿನಕ್ಕೆ 2,000. ಒಂದೂವರೆ ಕಿಲೋವ್ಯಾಟ್ ಸಾಕು. ಆಗ ಕಿಮೀಗೆ ಹತ್ತು ಗ್ರಾಂ ಕೂಡ ಬರಲ್ಲ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನ ಇದೆ, ಗಾಡಿ ಚಾರ್ಜಿಂಗ್ ಕೂಡ ಅದರಲ್ಲಿ ಸೇರಿದೆ. ನಮ್ಮ ಸೊಸೈಟಿಯಲ್ಲಿ ಹಾಕಿಸಿದ್ದೀವಿ. ಮೀಟಿಂಗ್‌ನಲ್ಲಿ ಎಂಟು ತಿಂಗಳು ಹೋಯ್ತು, ಕೆಲಸಕ್ಕೆ ಹನ್ನೊಂದು ದಿನ.

ಬಾಂದ್ರಾ ಸ್ಟೇರಿಂಗ್:

ನಾ ವಿಜಾಪುರದಾವ್ರಿ. ಬಾಂದ್ರಾದಾಗ ಒಬ್ರು ಸಾಹೇಬ್ರ ಕಡೆ ಡ್ರೈವರ್ ಅದೀನಿ. ಅವ್ರ ಗಾಡಿ ಪ್ಲಗ್-ಇನ್. ಎರಡೂವರಿ ವರ್ಷ ಆತು, ಒಮ್ಮೆನೂ ಚಾರ್ಜ್ ಹಾಕಿಲ್ರಿ. ಬಿಲ್ಡಿಂಗ್‌ನ್ಯಾಗ ಪಾಯಿಂಟ್ ಕೊಡಾಕ ಸೊಸೈಟಿಯವ್ರು ಹೂಂ ಅನ್ನಲಿಲ್ಲ. ವಯರ್ ಡಿಕ್ಕಿಯೊಳಗ ಚೀಲದಾಗ ಹಂಗ ಐತಿ. ದಿನಾ ಬರದಿಟ್ಟೇನಿ, ಊರಾಗ ಲೀಟರಿಗೆ 9, ಭಾಳ ಅಂದ್ರ 10. ಸಾಹೇಬ್ರು ಛಲೋ ಮನಷ್ಯಾರ ರಿ, ಅವ್ರಿಗೆ ಮುಂಜಾನೆ ಎಂಟಕ್ಕ ಗಾಡಿ ತಯಾರ್ ಇರಬೇಕು ಅಷ್ಟ. ಪೆಟ್ರೋಲ್ ಬಿಲ್ ಆಫೀಸ್ ಕೊಡ್ತೈತಿ, ಕರೆಂಟ್ ಬಿಲ್ ಮನಿಗೆ ಬರ್ತೈತಿ. ಹಿಂಗಾಗಿ ಯಾರೂ ಅದರ ಸುದ್ದಿ ತಗದಿಲ್ಲ.

ಚಾಕಣ್ ಟೆಸ್ಟ್‌ಬೆಂಚ್:

ಬಾಂದ್ರಾದ ಅಣ್ಣ, ನೀವು ಎರಡೂವರೆ ವರ್ಷ ಡೈರಿಯಲ್ಲಿ ಬರೆದದ್ದು ಯುರೋಪಿನ ದೊಡ್ಡ ಅಧ್ಯಯನಗಳು ಹೇಳಿದ್ದಕ್ಕೆ ಹೊಂದುತ್ತೆ. ಅಲ್ಲಿ ಹೊಸ ಗಾಡಿಗಳಲ್ಲಿ ನಿಜವಾಗಿ ಸುಟ್ಟ ಇಂಧನವನ್ನು ಗಾಡಿಯೇ ದಾಖಲಿಸಬೇಕು. 2021ರಲ್ಲಿ ನೋಂದಾಯಿಸಿದ ಗಾಡಿಗಳ ಆ ದಾಖಲೆ ನೋಡಿ ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು: ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಬಿಡೋ ಇಂಗಾಲದ ಡೈ ಆಕ್ಸೈಡ್ ಪ್ರಯೋಗಾಲಯದ ಅಂಕಿಯ 3.5 ಪಟ್ಟು. ಸಾಮಾನ್ಯ ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ಈ ವ್ಯತ್ಯಾಸ ಶೇ 20ರ ಸುತ್ತ ಮಾತ್ರ. ಕಾರಣ ನೀವು ಹೇಳಿದ್ದೇ. ಪರೀಕ್ಷೆಯ ಸೂತ್ರದಲ್ಲಿ ಜನ ದಿನಾ ಚಾರ್ಜ್ ಮಾಡ್ತಾರೆ ಅಂತ ಊಹಿಸಿದ್ದರು. ಗಾಡಿಗಳ ಹೊಗೆ ಅಧ್ಯಯನ ಮಾಡೋ ಐಸಿಸಿಟಿ ಮತ್ತು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಗಳು 2022ರಲ್ಲಿ ಕೊಟ್ಟ ಲೆಕ್ಕದಲ್ಲಿ ಸ್ವಂತ ಪ್ಲಗ್-ಇನ್ ಇಟ್ಟವರು ಸುಮಾರು ಅರ್ಧ ದೂರ ಕರೆಂಟ್‌ನಲ್ಲಿ ಓಡಿಸಿದರೆ, ಕಂಪನಿ ಗಾಡಿಗಳಲ್ಲಿ ಅದು ಶೇ 11ರಿಂದ 15. ಬಿಲ್ ಯಾರು ಕಟ್ತಾರೆ ಅನ್ನೋದು ಅಲ್ಲೂ ಅಷ್ಟೇ ಮುಖ್ಯ. ಬ್ರಿಟನ್ 2018ರಲ್ಲೇ ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ಕೊಡ್ತಿದ್ದ ಖರೀದಿ ಸಹಾಯ ನಿಲ್ಲಿಸಿತು.

ಇನ್ನೊಂದು, ನನ್ನ ಕೆಲಸಕ್ಕೆ ಹತ್ತಿರದ ವಿಷಯ. ಹೊಗೆ ಶುದ್ಧಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾದರಷ್ಟೇ ಕೆಲಸ ಮಾಡುತ್ತೆ. ಪ್ಲಗ್-ಇನ್ ಕರೆಂಟ್‌ನಲ್ಲಿ ಓಡ್ತಾ ಇರುವಾಗ ಫ್ಲೈಓವರ್ ಏರಲು ಜೋರಾಗಿ ಒತ್ತಿದಿರಿ ಅಂತಿಟ್ಟುಕೊಳ್ಳಿ. ತಣ್ಣಗಿದ್ದ ಇಂಜಿನ್ ಒಮ್ಮೆಲೇ ಪೂರ್ತಿ ಭಾರ ಹೊತ್ತು ಏಳುತ್ತೆ. ಆ ಮೊದಲ ನಿಮಿಷದ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್, ಸೂಕ್ಷ್ಮ ಕಣ ಇವು ಬೆಚ್ಚಗಿದ್ದ ಇಂಜಿನ್‌ಗಿಂತ ಎಷ್ಟೋ ಪಾಲು ಹೆಚ್ಚು. ಸ್ಟ್ರಾಂಗ್ ಹೈಬ್ರಿಡ್‌ನಲ್ಲೂ ಇಂಜಿನ್ ಆರಿ ಹತ್ತೋದಿದೆ, ಆದರೆ ಆಗಾಗ ಹತ್ತೋದರಿಂದ ಕನ್ವರ್ಟರ್ ಪೂರ್ತಿ ತಣ್ಣಗಾಗೋದು ಕಡಿಮೆ.

ಮುಲುಂಡ್ ಕರಾವಳಿ:

ಸಿಎನ್‌ಜಿಯನ್ನು ಯಾರೂ ಹೇಳಲಿಲ್ಲವಲ್ಲ. ಒಂದು ಕೆಜಿ ಸಿಎನ್‌ಜಿಯಿಂದ 2.75 ಕೆಜಿ ಇಂಗಾಲದ ಡೈ ಆಕ್ಸೈಡ್. ನನ್ನ ಸಣ್ಣ ಗಾಡಿ ಕೆಜಿಗೆ 26 ಓಡುತ್ತದೆ, ಅಂದರೆ ಹೊಗೆಕೊಳವೆಯಿಂದ ಕಿಮೀಗೆ 106 ಗ್ರಾಂ. ದೊಡ್ಡ ಹೈಬ್ರಿಡ್‌ನ ಸಾಲಿನಲ್ಲೇ ಉಂಟು. ಪೈಪಿನಲ್ಲಿ ಮೀಥೇನ್ ಸೋರಿದರೆ ಈ ಲೆಕ್ಕ ಕೆಡುತ್ತದೆ ಎಂಬುದನ್ನು ಒಪ್ಪುತ್ತೇನೆ, ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಎಷ್ಟೋ ಪಾಲು ಹೆಚ್ಚು ಶಾಖ ಹಿಡಿಯುವ ಅನಿಲ. ನನ್ನ ಮಾತು ಇಷ್ಟೆ, ಗಾಡಿಯ ಗಾತ್ರವನ್ನು ಬಿಟ್ಟು ಮಾತಾಡಬಾರದು. ಮೂರು ಜನರ ಮನೆಗೆ ಒಂದೂಮುಕ್ಕಾಲು ಟನ್ನಿನ ಗಾಡಿ ಯಾಕೆ?

ಮತ್ತೊಂದು ಕೇಳುವುದಿತ್ತು. ನನ್ನ ಅಣ್ಣನ ಹತ್ತಿರ ಹೈಬ್ರಿಡ್ ಉಂಟು. ಎಕ್ಸ್‌ಪ್ರೆಸ್‌ವೇಯಲ್ಲಿ ಲೋಣಾವಳ ದಾಟಿ ಘಾಟಿ ಇಳಿಯುವಾಗ ಅರ್ಧದಲ್ಲೇ ಬ್ಯಾಟರಿ ತುಂಬಿ ಇಂಜಿನ್ ಗುಂಯ್ ಅನ್ನಲು ಶುರು. ಅದು ಹಾಳಾಗಿದೆಯೋ?

ಚಾಕಣ್ ಟೆಸ್ಟ್‌ಬೆಂಚ್:

ಹಾಳಾಗಿಲ್ಲ. ಲೋಣಾವಳದಿಂದ ಖೋಪೋಲಿಗೆ ಸುಮಾರು 550 ಮೀಟರ್ ಇಳಿಜಾರು. ಜನ ಸೇರಿ 1,600 ಕೆಜಿ ಗಾಡಿ ಅಷ್ಟು ಇಳಿದರೆ 2.4 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತೆ. ಗಾಳಿ, ಟೈರ್ ತಿಂದು ಉಳಿದದ್ದರಲ್ಲಿ ಬ್ಯಾಟರಿಗೆ ಹಿಡಿಯಬಹುದಾದ್ದು 1 ಯೂನಿಟ್. ಆದರೆ ಹೈರೈಡರ್‌ನಂಥ ಗಾಡಿಯ ಬ್ಯಾಟರಿ ಒಟ್ಟು 0.76 ಯೂನಿಟ್, ಅದರಲ್ಲೂ ಬಾಳಿಕೆಗಾಗಿ ಮಧ್ಯದ ಭಾಗವನ್ನಷ್ಟೇ ಬಳಸ್ತಾರೆ. ತುಂಬಿದ ಮೇಲೆ ಉಳಿದ ಶಕ್ತಿಯನ್ನ ಇಂಜಿನ್ ಸುಮ್ಮನೆ ತಿರುಗಿಸಿ ಕಳೆಯುತ್ತೆ, ಬ್ರೇಕ್ ಕಾಯದಿರಲಿ ಅಂತ. ಪ್ಲಗ್-ಇನ್ ಆದರೆ ಅಷ್ಟನ್ನೂ ಹಿಡಿಯುತ್ತೆ. ಕೇಳೋಕೆ ದೊಡ್ಡ ಲಾಭ ಅನಿಸುತ್ತೆ, ಆದರೆ 1 ಯೂನಿಟ್ ಅಂದ್ರೆ 5 ಕಿಮೀ ದಾರಿ.

ಹಿಂದೆ ಬಿಟ್ಟಿದ್ದೊಂದು ಬ್ಯಾಟರಿ ತಯಾರಿಕೆ. ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆಜಿ ಇಂಗಾಲದ ಡೈ ಆಕ್ಸೈಡ್ ಹಿಡಿಯಿರಿ. ಹೈಬ್ರಿಡ್‌ನ ಪುಟ್ಟ ಬ್ಯಾಟರಿಗೆ 76 ಕೆಜಿ ದಾಟಲ್ಲ. 15 ಯೂನಿಟ್‌ನ ಪ್ಲಗ್-ಇನ್‌ಗೆ 900 ಕೆಜಿಯಿಂದ ಒಂದೂವರೆ ಟನ್. ಬಿಸಿಲಿನ ಕರೆಂಟ್‌ನಲ್ಲಿ ದಿನಾ ಓಡಿದರೆ ಆ ಸಾಲ ಸುಮಾರು ಒಂದು ವರ್ಷದಲ್ಲಿ ತೀರುತ್ತೆ. ಇವತ್ತಿನ ಕಲ್ಲಿದ್ದಲ ಕರೆಂಟ್‌ನಲ್ಲಿ ತೀರೋದೇ ಇಲ್ಲ.

ಆದರೆ ಔಂಧ್‌ನವರೇ, ನಿಮ್ಮ ಸೋಲಾರ್ ಲೆಕ್ಕದಲ್ಲಿ ಒಂದು ಕಡೆ ನಾನು ಒಪ್ಪಲ್ಲ. ವಾರ್ಜೆಯ ಅಣ್ಣ ಒಂದೂವರೆ ಕಿಲೋವ್ಯಾಟ್ ಫಲಕ ಹಾಕಿಸಿ ಹೈಬ್ರಿಡ್ ಕೊಂಡರೆ, ಆ 2,000 ಯೂನಿಟ್ ಲಿಫ್ಟ್‌ಗೋ ಪಕ್ಕದ ಬಿಲ್ಡಿಂಗ್‌ಗೋ ಹೋಗಿ ಅಷ್ಟೇ ಕಲ್ಲಿದ್ದಲು ಉಳಿಸುತ್ತೆ, ಅಂದ್ರೆ 1.4 ಟನ್. ಅದೇ ಯೂನಿಟ್‌ಗಳನ್ನ ಪ್ಲಗ್-ಇನ್‌ಗೆ ಹಾಕಿದರೆ ಉಳಿಯೋದು 10,000 ಕಿಮೀಯ ಹೈಬ್ರಿಡ್ ಹೊಗೆ, 1.3 ಟನ್. ಹೆಚ್ಚುಕಡಿಮೆ ಒಂದೇ. ಬಿಸಿಲಿನ ಪುಣ್ಯವನ್ನ ಗಾಡಿಯ ಖಾತೆಗೆ ಬರೆಯೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಔಂಧ್ ಬಿಸಿಲು:

ಇದನ್ನ ನಾನು ಈ ದಿಕ್ಕಿನಿಂದ ನೋಡಿರಲಿಲ್ಲ. ಇವತ್ತಿನ ಲೆಕ್ಕಕ್ಕೆ ಒಪ್ಪಿದೆ. ಹತ್ತು ವರ್ಷದ ಮೇಲಿನ ಲೆಕ್ಕಕ್ಕೆ ನನ್ನ ಮಾತು ನಿಲ್ಲುತ್ತೆ. ಮಗಳ ಉಸಿರಿನ ಲೆಕ್ಕದಲ್ಲೂ ಅಷ್ಟೇ, ಚಾಂದಣಿ ಚೌಕದಲ್ಲಿ ಹೊಗೆ ಬಿಡದ ಗಾಡಿ ಹೊಗೆ ಬಿಡದ್ದೇ.

ಬೈಲಹೊಂಗಲ ಟು ಭೋಸರಿ:

ಈಗಿನ ಪೆಟ್ರೋಲ್ ಇ20, ಅಂದ್ರ ಅದರಾಗ ಶೇ 20 ಎಥೆನಾಲ್. ಎಥೆನಾಲ್‌ನ್ಯಾಗ ಶಕ್ತಿ ಮೂರನೇ ಒಂದು ಪಾಲು ಕಡಿಮಿ, ಹಿಂಗಾಗಿ ಶೇ 6-7 ಮೈಲೇಜ್ ಹೋಗ್ತೈತಿ. ಅದು ಗಿಡದಿಂದ ಬಂದದ್ದು, ಹೊಗಿ ಲೆಕ್ಕದಾಗ ಸ್ವಲ್ಪ ಉಳಿತಾಯ ಅಂತಾರ. ನಮ್ಮ ಹೊಲದಾಗ ಕಬ್ಬಿಗೆ ಎಷ್ಟು ನೀರು ಬಿಡ್ತೇವಿ ಅಂತ ನಂಗ ಗೊತ್ತೈತಿ. ಮಲಪ್ರಭಾ ಬತ್ತಿದ ವರ್ಷ ಆ ನೀರು ಯಾವ ಲೆಕ್ಕದಾಗ ಬರೀತಾರ?

ವಾಸ್ಕೋ ಗ್ಯಾರೇಜ್:

ಬ್ಯಾಟರಿ ಹಾಳಾದ ಮೇಲೆ ಎಲ್ಲಿ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನ ವಾಪಸ್ ತಗೊಂಡು ಮರುಬಳಕೆ ಮಾಡಿಸೋ ಹೊಣೆ ತಯಾರಕರದ್ದು. ಗುಜರಿಗೆ ಹಾಕಬೇಡಿ. ಹಾಗೇ ಹೈಬ್ರಿಡ್‌ಗಳ ಬ್ರೇಕ್ ಪ್ಯಾಡ್ ತುಂಬ ದಿನ ಬರುತ್ತೆ, ಚಕ್ರದ ಹತ್ತಿರ ಕಪ್ಪು ಪುಡಿ ಕಡಿಮೆ. ಆ ಪುಡಿಯೂ ಉಸಿರಿಗೆ ಹೋಗೋದೇ.

ಪಿಂಪ್ರಿ ಹತ್ತಿಬೀಜ:

ವಾರ್ಜೆಯವರೇ, ಒಂದು ಕೇಳ್ತೀನಿ. ಹಳೇ ಡೀಸೆಲ್ ಏನು ಮಾಡ್ತೀರಿ?

ವಾರ್ಜೆ ಧಾರವಾಡ:

ನೀವು ಕೇಳಿದ್ದು ಛಲೋ ಆತು. ಊರಾಗ ನನ್ನ ತಮ್ಮ 'ಅಣ್ಣಾ, ಗಾಡಿ ನಂಗ ಕೊಡು' ಅಂತ ಆರು ತಿಂಗಳಿಂದ ಕೇಳಾಕ ಹತ್ತ್ಯಾನ. ಕೊಡಬೇಕಂತನ ಇದ್ದೆ. ನಿಮ್ಮ ತಂಗಿ ವಿಷಯ ಓದಿದ ಮ್ಯಾಲ ರಾತ್ರಿ ನಿದ್ದಿ ಬರಲಿಲ್ಲ. ಅವನ ಮನ್ಯಾಗ ಎರಡು ಸಣ್ಣ ಕೂಸು ಅದಾವ.

ಕಳೆದ 15 ದಿನ ಬರದಿಟ್ಟೇನಿ. ಹಿಂಜವಡಿ ದಾರ್ಯಾಗ ಸರಾಸರಿ ವೇಗ ತಾಸಿಗೆ 19 ಕಿಮೀ. ನಡುವ ನಿಂತದ್ದ 22 ನಿಮಿಷ, ಡೀಸೆಲ್ ಸುಡಕೋತ. ಹೈಬ್ರಿಡ್ ಆದ್ರ ಅಷ್ಟರೊಳಗ ಬಹಳಷ್ಟು ಹೊತ್ತು ಇಂಜಿನ್ ಬಂದ್ ಇರ್ತೈತಿ, ಇದು ನಂಗ ಮನಸ್ಸಿಗೆ ಹತ್ತಿತು. ಸ್ಟ್ರಾಂಗ್ ಹೈಬ್ರಿಡ್‌ನ್ಯಾಗ ಸಣ್ಣದ್ದು ಬುಕ್ ಮಾಡೇನಿ. ಭಾವಮೈದಗೂ ಅಕ್ಕಾರ ಲೆಕ್ಕ ಪೂರಾ ಕಳಿಸಿದೆ. 'ನಮ್ಮಲ್ಲಿ ಕರೆಂಟ್ ಬ್ಯಾರೆ ಐತಿ ಮಾಮಾ, ಅದನ್ನ ನಾ ವಿಚಾರ ಮಾಡಿರಲಿಲ್ಲ' ಅಂದ.

ಡೀಸೆಲ್ ಗಾಡಿ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕ ಕೊಡ್ತೇನಿ. ಅಲ್ಲಿ ಕೊಟ್ಟ ಪ್ರಮಾಣಪತ್ರಕ್ಕ ಹೊಸ ಗಾಡಿ ರಸ್ತೆ ತೆರಿಗಿಯೊಳಗ ರಿಯಾಯಿತಿ ಐತೆಂತ, ಅದನ್ನ ತಮ್ಮನ ಕೈಗೆ ಕೊಡ್ತೇನಿ, ಅವಾ ಏನರ ಸಣ್ಣ ಗಾಡಿ ನೋಡ್ಕೊಳ್ಳಲಿ. ಇನ್ನೂ ಅವಗ ಹೇಳಿಲ್ಲ, ರವಿವಾರ ಫೋನ್ ಮಾಡಬೇಕು.

ಔಂಧ್‌ದವ್ರ, ನಿಮ್ಮ ಸೊಸೈಟಿಯವ್ರು ಮೀಟಿಂಗ್‌ನ್ಯಾಗ ಮಂಡಿಸಿದ ಸೋಲಾರ್ ಠರಾವು ನಂಗ ಕಳಿಸ್ರಿ. ನಮ್ಮದು 26ನೇ ತಾರೀಖಿಗೆ ಐತಿ.

ಔಂಧ್ ಬಿಸಿಲು:

ಮರಾಠಿಯಲ್ಲಿದೆ, ಇವತ್ತೇ ಕಳಿಸ್ತೀನಿ. ಛಾವಣಿ ಸೋರುತ್ತೆ ಅಂತ ಯಾರಾದರೂ ಎದ್ದು ನಿಂತೇ ನಿಲ್ತಾರೆ, ನೀರುನಿರೋಧಕ ಕೆಲಸದ ಕೊಟೇಶನ್ ಜೊತೆಗೇ ಇಟ್ಕೊಂಡು ಹೋಗಿ.